ವಿಜಯಪುರ ಸೀಮೆಯ ಪ್ರಾಥಮಿಕ ಶಾಲೆ ಮತ್ತು ಪರಿಸರ ಪಾಠ

ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನಿರ್ದೇಶಿಸಿತು. 2003ರಲ್ಲಿ ಮಾದರಿ ಪಠ್ಯಕ್ರಮ ಸಿದ್ಧಪಡಿಸುವಂತೆ ಎನ್‌ಸಿಇಆರ್‌ಟಿಗೆ ಸೂಚಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದಿತು. ಈ ತತ್ತ್ವದ ಬೆಲೆ ತಿಳಿಯುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಬರಪೀಡಿತ ಸೀಮೆಯಲ್ಲಿ.

ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿದರೂ ಇಲ್ಲಿನ ಹೊಲಗಳು ಬಹುಕಾಲ ಮಳೆಯನ್ನೇ ನಂಬಿದ್ದವು. ಎರೆಮಣ್ಣು ತೇವವನ್ನು ಹಿಡಿದಿಡುವುದರಿಂದ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ಒಡ್ಡು ಒಡೆದರೆ ಆ ಮಣ್ಣೇ ಹಳ್ಳ ಸೇರುತ್ತದೆ. ಡೋಣಿಯ ಪ್ರವಾಹ ಮೆಕ್ಕಲನ್ನು ತರುವಂತೆಯೇ ಬೆಳೆಯನ್ನು ಮುಳುಗಿಸುವುದೂ ಉಂಟು. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಶಂಕುಸ್ಥಾಪನೆಗೊಂಡು 2006ರಲ್ಲಿ ಲೋಕಾರ್ಪಣೆಯಾದ ಜಲಾಶಯವು ನೀರಾವರಿಯೊಡನೆ ಮುಳುಗಡೆ, ಸವುಳು-ಜವುಳುಗಳ ಪ್ರಶ್ನೆಗಳನ್ನೂ ತಂದಿತು.

2001-02ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯು ಪರಿಸರ ಸಂಘಗಳ ಮೂಲಕ ಸಸಿ ನೆಡುವಿಕೆ, ಸ್ವಚ್ಛತೆಗಳನ್ನು ಶಾಲೆಗೆ ತಂದಿತು. ಆದರೆ ಪರಿಸರ ಪಾಠ ಅಷ್ಟಕ್ಕೇ ನಿಲ್ಲಲಾರದು. ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮಗು ತನ್ನ ಊರಿನ ಬಾವಿ, ಕೆರೆ, ಒಡ್ಡುಗಳಿಂದಲೇ ಅರಿಯಬೇಕು. ಹಾಗಾದಾಗ ಮಾತ್ರ ನ್ಯಾಯಾಲಯದ ಆದೇಶ ಈ ನೆಲದ ಶಿಕ್ಷಣವಾಗುತ್ತದೆ.