ಹತ್ತನೆಯ ತರಗತಿ ಮತ್ತು 1956ರ ಗೆರೆ



ನಮ್ಮ ಉಮರ್ಗಾ, ನಿಲಂಗಾ, ಉದಗೀರ ಭಾಗದ ಮನೆಗಳಲ್ಲಿ ಮಗು ಹತ್ತನೆಯ ತರಗತಿಗೆ ಬಂತೆಂದರೆ ಹಿರಿಯರು ಕೇಳುವುದು ಒಂದೇ ಮಾತು: 'ಡಾಕ್ಟರ್ ಆಗ್ತೀಯೇನು?' ಆಸೆ ಒಳ್ಳೆಯದೇ. ಆದರೆ ಆ ದಾರಿಗೆ ಅಡ್ಡಲಾಗಿ ಹಳೆಯದೊಂದು ಗೆರೆ ಇದೆ. ಅದನ್ನು ತಿಳಿಯದೆ ಹೆಜ್ಜೆ ಇಟ್ಟರೆ ಜಾಣ ಮಗುವಿಗೂ ಸೀಟು ತಪ್ಪಬಹುದು.

ನಮ್ಮ ಅಜ್ಜಂದಿರ ಕಾಲಕ್ಕೆ ಈ ಮೂರೂ ತಾಲೂಕು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಹೈದರಾಬಾದಿನಲ್ಲಿ 1846ರಲ್ಲಿಯೇ ವೈದ್ಯಶಾಲೆ ತೆರೆದಿತ್ತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿನ ಪಾಠ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಹುಡುಗ ಮೂರನೆಯ ಭಾಷೆ ಕಲಿತು, ದೂರದ ಪಟ್ಟಣಕ್ಕೆ ಹೋಗಿ ಓದಬೇಕಿತ್ತು. ಹಳ್ಳಿಯ ಬಡವರ ಮಕ್ಕಳಿಗೆ ಅದು ಕನಸಿನ ಮಾತೇ ಆಗಿತ್ತು.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾಯಿತು. ಅದುವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳು. ಆ ವರ್ಷ ಬೀದರ ಮೈಸೂರಿಗೆ ಹೋಯಿತು, ಇವೆರಡು ಮುಂಬಯಿ ರಾಜ್ಯಕ್ಕೆ ಬಂದು ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಬೀಗತನ, ಜಾತ್ರೆ, ದೇವರು ಗೆರೆಯ ಎರಡೂ ಕಡೆ ಉಳಿದವು. ಸಾಲೆಯ ದಾಖಲೆ ಮಾತ್ರ ಒಂದೇ ಕಡೆ ಉಳಿಯಿತು.

ಮುಂದೆ ವೈದ್ಯಕೀಯ ಕಾಲೇಜುಗಳು ಒಂದೊಂದಾಗಿ ಹತ್ತಿರ ಬಂದವು. 1963ರಲ್ಲಿ ಕಲಬುರ್ಗಿ, 1974ರಲ್ಲಿ ಅಂಬಾಜೋಗಾಯಿ, 2002ರಲ್ಲಿ ಲಾತೂರ, 2007ರಲ್ಲಿ ಬೀದರ. ಇಂದು ಉದಗೀರದಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಲಾತೂರವನ್ನಾಗಲಿ ಬೀದರವನ್ನಾಗಲಿ ನೋಡಿಕೊಂಡು ಸಂಜೆಗೆ ಮರಳಬಹುದು.

ಬಾಗಿಲು ಹತ್ತಿರವಾಯಿತು, ಆದರೆ ಕೀಲಿ ಕಾಗದದಲ್ಲಿದೆ. ಮಹಾರಾಷ್ಟ್ರದ ಪಾಲಿನ ಸೀಟಿಗೆ ಸಾಮಾನ್ಯವಾಗಿ ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದಲ್ಲಿಯೇ ಪಾಸಾಗಿರಬೇಕು, ರಹವಾಸಿ ಪ್ರಮಾಣಪತ್ರ ಬೇಕು. ಕರ್ನಾಟಕದ ಸೀಟಿಗೆ ಸಾಮಾನ್ಯ ನಿಯಮವೆಂದರೆ ಒಂದರಿಂದ ಹನ್ನೆರಡರವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಈಗ ಯೋಚಿಸಿ: ಹತ್ತರವರೆಗೆ ಉಮರ್ಗಾದಲ್ಲಿ ಓದಿದ ಮಗುವನ್ನು 'ಸೋದರಮಾವನ ಮನೆ ಇದೆ' ಎಂದು ಬೀದರಕ್ಕೆ ಕಳಿಸಿ ಹನ್ನೊಂದು, ಹನ್ನೆರಡು ಓದಿಸಿದರೆ? ಇತ್ತ ಮಹಾರಾಷ್ಟ್ರದ ಪಾಲು ಕೈತಪ್ಪುತ್ತದೆ, ಅತ್ತ ಏಳು ವರ್ಷವೂ ತುಂಬುವುದಿಲ್ಲ. ಕರ್ನಾಟಕದಲ್ಲಿ ಗಡಿನಾಡ ಕನ್ನಡಿಗರಿಗೆಂದು ಬೇರೆ ನಿಯಮವಿದೆ. ಅದು ತಾಲೂಕುಗಳ ಹೆಸರು ಹೇಳಿಯೇ ಅನ್ವಯಿಸುತ್ತದೆ. ಜತ್ತ, ಅಕ್ಕಲಕೋಟೆ ಆ ಪಟ್ಟಿಯಲ್ಲಿವೆ. ನಿಮ್ಮ ತಾಲೂಕಿನ ಹೆಸರು ಇದೆಯೋ ಇಲ್ಲವೋ ಆ ವರ್ಷದ ನಿಯಮಪುಸ್ತಕದಲ್ಲಿ ಕಣ್ಣಾರೆ ಓದಿರಿ. ಯಾರದೋ ಮಾತು ನಂಬಬೇಡಿರಿ.

ಪರೀಕ್ಷೆಯಲ್ಲೂ ಇದೇ ಕಥೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತದೆ. ಆದರೆ ಕನ್ನಡದ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ, ಮರಾಠಿಯದು ಮಹಾರಾಷ್ಟ್ರದ ಕೇಂದ್ರಗಳಲ್ಲಿ. ಅರ್ಜಿ ತುಂಬುವಾಗಲೇ ಇದನ್ನು ನೆನಪಿಡಬೇಕು.

ಇನ್ನೊಂದು ಮಾತು. ದವಾಖಾನೆ ಎಂದರೆ ಡಾಕ್ಟರ್ ಒಬ್ಬರೇ ಅಲ್ಲ. ನರ್ಸು, ಔಷಧ ಕೊಡುವವರು, ರಕ್ತ ತಪಾಸಣೆ ಮಾಡುವವರು, ಹಳ್ಳಿಗೆ ಬರುವ ಆರೋಗ್ಯ ಸೇವಕಿ ಇಲ್ಲದೆ ಅದು ನಡೆಯದು. 2005ರಲ್ಲಿ ಆರಂಭವಾದ ಆಶಾ ಯೋಜನೆಯಲ್ಲಿ ನಮ್ಮೂರ ಸೊಸೆಯಂದಿರೇ ಕಾರ್ಯಕರ್ತೆಯರಾದರು. ಫಾರ್ಮಸಿ ಡಿಪ್ಲೊಮಾಕ್ಕೆ ಹನ್ನೆರಡನೆಯದರಲ್ಲಿ ವಿಜ್ಞಾನ ಬೇಕು. ಎ.ಎನ್.ಎಂ. ತರಬೇತಿಗೆ ಕಲಾ ವಿಭಾಗದವರೂ ಹೋಗಬಹುದು. ಒಂದೇ ಬಾಗಿಲು ಮುಚ್ಚಿತೆಂದು ಮಗು ಎದೆಗುಂದಬಾರದು.

ಈ ಕೆಲಸಕ್ಕೆ ನಮ್ಮ ಮಕ್ಕಳಲ್ಲಿ ಆಗಲೇ ಒಂದು ಬಂಡವಾಳವಿದೆ. ಮುದುಕಿಯೊಬ್ಬಳು 'ಕಾಲು ಜೋಮು ಹಿಡದಾವ' ಅಂದರೆ ನಮ್ಮ ಹುಡುಗಿಗೆ ತಿಳಿಯುತ್ತದೆ. ಪಕ್ಕದ ಮಂಚದವರು 'ಮುಂಗ್ಯಾ ಯೇತಾತ' ಅಂದರೂ ತಿಳಿಯುತ್ತದೆ. ಮರಾಠಿಯ ಇರುವೆ, ಕನ್ನಡದ ಜೋಮು, ಎರಡೂ ಒಂದೇ ಬೇನೆ ಎಂದು ಅರಿತವಳು ಡಾಕ್ಟರಿಗೆ ಸರಿಯಾಗಿ ಹೇಳಬಲ್ಲಳು.

ನಾನು ಬ್ಯಾಂಕಿನಲ್ಲಿ ಕಾಗದ ನೋಡುತ್ತಲೇ ಮುದುಕನಾದವನು. ಆದ್ದರಿಂದ ಇಷ್ಟು ಹೇಳುತ್ತೇನೆ: ಹತ್ತನೆಯದರ ಫಲಿತಾಂಶಕ್ಕೆ ಕಾಯಬೇಡಿರಿ. ದಾಖಲೆ, ರಹವಾಸಿ, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿರಿ. ಎರಡೂ ರಾಜ್ಯದ ನಿಯಮಪುಸ್ತಕ ತರಿಸಿ, ಗುರುಗಳ ಜೊತೆ ಕುಳಿತು ಓದಿರಿ. ಹನ್ನೊಂದನೆಯದಕ್ಕೆ ಯಾವ ಊರು ಎಂಬುದನ್ನು ಆಮೇಲೆ ನಿರ್ಧರಿಸಿರಿ.