*ಮೆದ್ವೇದಿ (ಮೂಲ-ಸ್ಲಾವಿಕ್ ಪದ)

*ಮೆದ್ವೇದಿ ಎಂಬುದು 'ಕರಡಿ' ಎಂಬ ಅರ್ಥವುಳ್ಳ ಮೂಲ-ಸ್ಲಾವಿಕ್ ಭಾಷೆಯ ಪುಲ್ಲಿಂಗ ನಾಮಪದವಾಗಿದೆ. ಈ ಭಾಷೆಯ ಲಿಖಿತ ದಾಖಲೆಗಳಿಲ್ಲ. ಆದುದರಿಂದ ಸ್ಲಾವಿಕ್ ಭಾಷೆಗಳ ತೌಲನಿಕ ಅಧ್ಯಯನದ ಮೂಲಕ ಪದವನ್ನು ಪುನಾರಚಿಸಲಾಗಿದೆ. ಮೊದಲಿನ ನಕ್ಷತ್ರ ಚಿಹ್ನೆಯು ಇದನ್ನು ಸೂಚಿಸುತ್ತದೆ.

ವ್ಯುತ್ಪತ್ತಿ

'ಜೇನು' ಎಂಬರ್ಥದ *ಮೆದು ಮತ್ತು 'ತಿನ್ನು' ಎಂಬರ್ಥದ *ಏದ್ ಧಾತು ಸೇರಿ ಆದ ಸಮಾಸಪದವಿದು; ಅರ್ಥ 'ಜೇನು ತಿನ್ನುವುದು'. ಸಂಸ್ಕೃತದ 'ಮಧು' ಮತ್ತು 'ಅದ್' ಇವುಗಳ ಜ್ಞಾತಿಪದಗಳು. ಸ್ವರದ ಮುಂದೆ ಉಕಾರವು ವಕಾರವಾಗಿರುವುದು ಸಂಸ್ಕೃತದ ಯಣ್ ಸಂಧಿಯನ್ನು ಹೋಲುತ್ತದೆ. ಋಗ್ವೇದದಲ್ಲಿ (1.164.22) ಹಕ್ಕಿಗಳ ವಿಶೇಷಣವಾಗಿ ಬರುವ 'ಮಧ್ವದ್' ಪದದ ರಚನೆಯೂ ಇದೇ ಬಗೆಯದು. 'ಜೇನನ್ನು ಬಲ್ಲದ್ದು' ಎಂಬ ಜನಪ್ರಿಯ ವಿವರಣೆಯು ಈ ವಕಾರವನ್ನು 'ತಿಳಿ' ಎಂಬರ್ಥದ ಧಾತುವಿನದೆಂದು ಭಾವಿಸಿದ್ದರಿಂದ ಹುಟ್ಟಿದ ಜಾನಪದ ನಿರುಕ್ತಿ.

ಹಳೆಯ ಹೆಸರಿನ ಲೋಪ

ಕರಡಿಯ ಮೂಲ ಇಂಡೋ-ಯುರೋಪಿಯನ್ ಹೆಸರು ಸಂಸ್ಕೃತದಲ್ಲಿ 'ಋಕ್ಷ', ಗ್ರೀಕ್‌ನಲ್ಲಿ 'ಆರ್ಕ್ಟೋಸ್', ಲ್ಯಾಟಿನ್‌ನಲ್ಲಿ 'ಉರ್ಸುಸ್' ಎಂದು ಉಳಿದಿದೆ, ಸ್ಲಾವಿಕ್‌ನಲ್ಲಿ ಲುಪ್ತವಾಗಿದೆ. ಹೆಸರು ಹಿಡಿದರೆ ಮೃಗವೇ ಎದುರಾಗುವುದೆಂಬ ಭಯದಿಂದ ಅದು ನಿಷಿದ್ಧವಾಗಿ, ಪರ್ಯಾಯ ಪದ ರೂಢಿಗೆ ಬಂದಿತೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

ಇಂದಿನ ರೂಪಗಳು

* ಪೂರ್ವ ಸ್ಲಾವಿಕ್: ರಷ್ಯನ್ 'ಮೆದ್ವೇದ್', ಉಕ್ರೇನಿಯನ್ 'ವೆದ್ಮಿದ್' (ಇಲ್ಲಿ ಮಕಾರ-ವಕಾರಗಳು ಸ್ಥಾನಪಲ್ಲಟಗೊಂಡಿವೆ).
* ಪಶ್ಚಿಮ ಸ್ಲಾವಿಕ್: ಚೆಕ್ 'ಮೆದ್ವ್ಯೆದ್', ಪೋಲಿಷ್ 'ನ್ಯೆಜ್ವ್ಯೆಚ್' (ಆದಿಯ ಮಕಾರವು ನಕಾರವಾಗಿದೆ).
* ದಕ್ಷಿಣ ಸ್ಲಾವಿಕ್: ಸ್ಲೊವೇನಿಯನ್ ಮತ್ತು ಸರ್ಬಿಯನ್ 'ಮೆದ್ವೆದ್'. ಬಲ್ಗೇರಿಯನ್‌ನಲ್ಲಿ 'ಮೆಚ್ಕಾ' ಎಂಬ ಪದವು ಬಳಕೆಯಲ್ಲಿದೆ.

ಸ್ಲಾವಿಕ್ ಅಲ್ಲದ ಹಂಗೇರಿಯನ್ ಭಾಷೆಯ 'ಮೆದ್ವೆ' ಪದವೂ ಸ್ಲಾವಿಕ್‌ನಿಂದ ಸ್ವೀಕೃತವಾದದ್ದು.