1948ರ ಕಡತಗಳು, ಮುಗಿಯದ ತಕರಾರುಗಳು

ಇಸ್ರೇಲ್–ಪ್ಯಾಲೆಸ್ಟೀನ್ ಕುರಿತ ರಾಜಕೀಯ ಬರವಣಿಗೆಯನ್ನು ದೂರದಿಂದ ಓದುವವರಿಗೆ ಅಲ್ಲಿ ಪ್ರತಿಯೊಂದೂ ತಕರಾರಿನದೇ ಎನ್ನಿಸುತ್ತದೆ. ವಾಸ್ತವ ಹಾಗಿಲ್ಲ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ವಿಭಜನೆಯ ಠರಾವನ್ನು ಅಂಗೀಕರಿಸಿತು. 1948ರ ಮೇ 14ರಂದು ಇಸ್ರೇಲ್ ಸ್ಥಾಪನೆಯ ಘೋಷಣೆಯಾಯಿತು, ಮಾರನೆಯ ದಿನ ಅರಬ್ ಸೇನೆಗಳು ನುಗ್ಗಿದವು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡಿದ್ದರು. ಇಷ್ಟನ್ನು ಯಾವ ಗಂಭೀರ ಇತಿಹಾಸಕಾರರೂ ಇಂದು ಅಲ್ಲಗಳೆಯುವುದಿಲ್ಲ. ಈ ಏಳು ಲಕ್ಷವೂ ಒಂದು ಕಾಲಕ್ಕೆ ಚೌಕಾಸಿಯ ಸರಕೇ ಆಗಿತ್ತು: ಇಸ್ರೇಲಿ ಅಧಿಕಾರಿಗಳು 5,20,000 ಎನ್ನುತ್ತಿದ್ದರು, ಅರಬ್ ವಕ್ತಾರರು 9 ಲಕ್ಷದವರೆಗೆ ಹೋಗುತ್ತಿದ್ದರು, ವಿಶ್ವಸಂಸ್ಥೆಯ ಆರ್ಥಿಕ ಸಮೀಕ್ಷಾ ತಂಡ 1949ರಲ್ಲಿ 7,26,000 ಎಂದಿತು. ಆ ಜಗಳ ತಣ್ಣಗಾಗಿ ಬಹಳ ಕಾಲವಾಯಿತು. ಆರದೆ ಉಳಿದದ್ದು ಬೇರೆ ಪ್ರಶ್ನೆ: ಅವರು ಊರು ಬಿಟ್ಟದ್ದೇಕೆ?

ಈ ಪ್ರಶ್ನೆಗೆ ಇಷ್ಟು ಕಾವು ಏಕೆಂದರೆ, ವಿಶ್ವಸಂಸ್ಥೆಯ 1948ರ ಡಿಸೆಂಬರ್ 11ರ 194ನೇ ಠರಾವು ಮರಳಲು ಇಚ್ಛಿಸುವ ನಿರಾಶ್ರಿತರ ಮಾತನ್ನು ಎತ್ತಿತ್ತು. ತಾವಾಗಿ ಹೋದವರಾದರೆ ಹೊಣೆ ಅವರದೇ, ಓಡಿಸಲ್ಪಟ್ಟವರಾದರೆ ಹೊಣೆ ಓಡಿಸಿದವರದು ಎಂಬ ವಾದ ಎರಡೂ ಕಡೆ ಬೇರೂರಿತು. ಯುದ್ಧದಿಂದ ತಪ್ಪಿಸಿಕೊಳ್ಳಲು ತಾವಾಗಿ ಓಡಿದವರಿಗೂ ಮನೆಗೆ ಮರಳುವ ಹಕ್ಕು ಇರಬಾರದೇಕೆ ಎಂದು ಕೇಳಿದವರು ಕಡಿಮೆ. ಹೀಗಾಗಿ ಇತಿಹಾಸದ ಪ್ರಶ್ನೆಯೊಂದು ವಕೀಲರ ಪ್ರಶ್ನೆಯಾಗಿ ಹುಟ್ಟಿತು, ಈ ಕ್ಷೇತ್ರ ಇಂದಿಗೂ ಆ ಹುಟ್ಟಿನ ಗುರುತನ್ನು ಹೊತ್ತಿದೆ.

ಮೊದಲ ಹಂತದಲ್ಲಿ ಎರಡು ಕಥನಗಳು ಒಂದನ್ನೊಂದು ಮುಟ್ಟದೆ ಬೆಳೆದವು. ಅರಬ್ಬರ ಕಡೆ ಕಾನ್‌ಸ್ಟಂಟೈನ್ ಜುರೈಕ್ ಯುದ್ಧ ಇನ್ನೂ ನಡೆಯುತ್ತಿದ್ದ 1948ರಲ್ಲೇ ಪುಸ್ತಕವೊಂದನ್ನು ಬರೆದು, ಆದದ್ದನ್ನು ‘ನಕ್ಬಾ’ (ಮಹಾವಿಪತ್ತು) ಎಂದು ಕರೆದರು. ಅದು ಇಸ್ರೇಲನ್ನು ದೂರುವುದಕ್ಕಿಂತ ಹೆಚ್ಚಾಗಿ ಅರಬ್ ಸಮಾಜದ ಸೋಲಿನ ವಿಮರ್ಶೆ. ಆಮೇಲೆ ಆರಿಫ್ ಅಲ್-ಆರಿಫ್ ಊರೂರಿನ ವಿವರ ಕಲೆಹಾಕಿ ಹಲವು ಸಂಪುಟಗಳನ್ನು ತಂದರು. ಇಸ್ರೇಲಿನ ಕಡೆ ನೆಲೆಯೂರಿದ್ದು ಬೇರೊಂದು ಮಾತು: ದಾರಿ ಬಿಡಿ, ಗೆದ್ದ ಮೇಲೆ ಮರಳಿ ಬನ್ನಿ ಎಂದು ಅರಬ್ ನಾಯಕರೇ ರೇಡಿಯೋದಲ್ಲಿ ಕರೆಕೊಟ್ಟರು, ಜನ ಹೋದರು.

ಈ ರೇಡಿಯೋ ಕರೆಯ ಕಥೆ ತುಸು ನಿಂತು ನೋಡಬೇಕಾದದ್ದು. ಬೈರೂತಿನಲ್ಲಿ ನೆಲೆಸಿದ್ದ ಪ್ಯಾಲೆಸ್ಟೀನಿ ಇತಿಹಾಸಕಾರ ವಾಲಿದ್ ಖಾಲಿದಿ 1959ರಲ್ಲಿ ಇದನ್ನು ಪ್ರಶ್ನಿಸಿ ಬರೆದರು, ಆದರೆ ಪಶ್ಚಿಮದ ಓದುಗರಿಗೆ ಅದು ಕೇಳಿಸಿದ್ದು 1961ರ ಮೇ ತಿಂಗಳಲ್ಲಿ, ಐರಿಷ್ ಪತ್ರಕರ್ತ ಎರ್ಸ್ಕಿನ್ ಚೈಲ್ಡರ್ಸ್ ಲಂಡನ್ನಿನ ‘ಸ್ಪೆಕ್ಟೇಟರ್’ ವಾರಪತ್ರಿಕೆಯಲ್ಲಿ ಬರೆದ ಮೇಲೆ. ಚೈಲ್ಡರ್ಸ್ ಮಾಡಿದ್ದು ಸರಳ ಕೆಲಸ. 1958ರಲ್ಲಿ ಇಸ್ರೇಲಿಗೆ ಹೋದಾಗ ಆ ಪ್ರಸಾರಗಳ ದಾಖಲೆ ತೋರಿಸಿ ಎಂದು ಅಧಿಕಾರಿಗಳನ್ನು ಕೇಳಿದರು. ಇದೆ, ಕಳಿಸುತ್ತೇವೆ ಎಂಬ ಭರವಸೆ ಸಿಕ್ಕಿತು, ದಾಖಲೆ ಮಾತ್ರ ಬರಲಿಲ್ಲ. ಆಗ ಅವರು 1948ರಲ್ಲಿ ಮಧ್ಯಪ್ರಾಚ್ಯದ ಪ್ರಸಾರಗಳನ್ನು ಆಲಿಸಿ ಬರೆದಿಟ್ಟುಕೊಂಡಿದ್ದ ಬಿಬಿಸಿಯ ಕಡತಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು ತಿರುವಿದರು. ಊರು ಬಿಡಿ ಎಂಬ ಒಂದೇ ಒಂದು ಸಾರ್ವತ್ರಿಕ ಆದೇಶವೂ ಸಿಗಲಿಲ್ಲ, ಇದ್ದಲ್ಲೇ ಇರಿ ಎಂಬ ಮನವಿಗಳು ಸಿಕ್ಕವು. ಪತ್ರಿಕೆಯ ಓದುಗರ ಪತ್ರಗಳ ಅಂಕಣದಲ್ಲಿ ವಾಗ್ವಾದ ತಿಂಗಳುಗಟ್ಟಲೆ ನಡೆಯಿತು.

ಹಾಗೆಂದು ವಿಷಯ ಪೂರ್ತಿ ಒಂದೇ ಕಡೆಗೆ ವಾಲುವುದಿಲ್ಲ. ಕೆಲವು ಹಳ್ಳಿಗಳಲ್ಲಿ ಹೆಂಗಸರು ಮಕ್ಕಳನ್ನು ಸಾಗಿಸಿ ಎಂದು ಸ್ಥಳೀಯ ಅರಬ್ ಕಮಾಂಡರುಗಳೇ ಹೇಳಿದ್ದು ಆಮೇಲೆ ಕಡತಗಳಲ್ಲಿ ದೃಢಪಟ್ಟಿತು. 1948ರ ಏಪ್ರಿಲ್ 22ರಂದು ಹೈಫಾದ ಅರಬ್ ಮುಖಂಡರು ಶರಣಾಗತಿಗೆ ಸಹಿ ಹಾಕದೆ ಊರು ತೆರವು ಮಾಡುತ್ತೇವೆಂದಾಗ ಯಹೂದಿ ಮೇಯರ್ ಶಬ್ತೈ ಲೆವಿ ಹೋಗಬೇಡಿ ಎಂದು ಬೇಡಿಕೊಂಡದ್ದೂ ನಿಜ. ಅದಕ್ಕೆ ಮುನ್ನ ಯಹೂದಿಗಳ ಮುಖ್ಯ ಸೇನೆಯಾದ ಹಗಾನಾದ ಶೆಲ್ ದಾಳಿಗೆ ಅರಬ್ ಮೊಹಲ್ಲಾಗಳ ಜನ ಬಂದರಿನತ್ತ ಓಡುತ್ತಿದ್ದುದೂ ನಿಜ. ಒಬ್ಬ ಲೇಖಕ ಮೇಯರನ ಕಣ್ಣೀರನ್ನು ಹೇಳಿ ನಿಲ್ಲಿಸುತ್ತಾನೆ, ಇನ್ನೊಬ್ಬ ಶೆಲ್ಲುಗಳನ್ನು ಹೇಳಿ ನಿಲ್ಲಿಸುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹೈಫಾ ಎಂದರೆ ನಮಗೂ ಒಂದು ನಂಟಿದೆ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಒಟ್ಟೊಮಾನರಿಂದ ಕಿತ್ತುಕೊಂಡ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಇತ್ತೀಚಿನ ನಮ್ಮ ರಾಜಕೀಯ ಬರವಣಿಗೆಯಲ್ಲಿ ಇದು ಇಸ್ರೇಲಿಗೆ ಭಾರತೀಯರು ಹಾಕಿದ ಬುನಾದಿಯಾಗಿ ಉಬ್ಬಿದೆ. ಆ ಸೈನಿಕರು ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ. ನಾಲ್ಕು ವರ್ಷಗಳ ನಂತರದ ಜನಗಣತಿಯಲ್ಲೂ ಹೈಫಾದ 24,634 ನಿವಾಸಿಗಳಲ್ಲಿ ಯಹೂದಿಗಳು 6,230 ಮಾತ್ರ. ಮೈಸೂರಿನ ಸವಾರರ ಸಾಹಸಕ್ಕೆ ಈ ಉಬ್ಬರದ ಅಗತ್ಯವಿರಲಿಲ್ಲ.

ಮತ್ತೆ 1948ರ ವಾಗ್ವಾದಕ್ಕೆ ಮರಳಿದರೆ, ಎಪ್ಪತ್ತರ ದಶಕದಲ್ಲಿ ಹಳೆಯ ಕಥನಕ್ಕೆ ಮೊದಲ ಬಿರುಕು ಬಿದ್ದದ್ದು ಇಸ್ರೇಲಿನ ಒಳಗಿನಿಂದಲೇ. ಮಾಜಿ ಪ್ರಧಾನಿ ಯಿತ್ಜಾಕ್ ರಾಬಿನ್ ತಮ್ಮ ಆತ್ಮಕಥೆಯಲ್ಲಿ, 1948ರ ಜುಲೈನಲ್ಲಿ ಲಿದ್ದಾ ಮತ್ತು ರಾಮ್ಲೆ ಊರುಗಳ ಜನರನ್ನು ಹೊರಗಟ್ಟಿದ್ದು ಆಗಿನ ಪ್ರಧಾನಿ ಬೆನ್ ಗುರಿಯನ್ ಅವರ ಇಂಗಿತದಂತೆ ಎಂದು ಬರೆದಿದ್ದರು. ಸರ್ಕಾರಿ ಸಮಿತಿ ಆ ಭಾಗವನ್ನು ಕತ್ತರಿಸಿತು. 1979ರ ಅಕ್ಟೋಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಅಚ್ಚು ಹಾಕಿತು. ಆ ಎರಡು ಊರುಗಳಿಂದ ನಡುಬೇಸಿಗೆಯಲ್ಲಿ ನಡೆದು ಹೋದವರು ಸುಮಾರು 50,000 ಮಂದಿ.

ಅದೇ ಹೊತ್ತಿಗೆ, ಸರ್ಕಾರಿ ಕಡತಗಳನ್ನು ಮೂವತ್ತು ವರ್ಷದ ಮೇಲೆ ತೆರೆಯುವ ನಿಯಮದಂತೆ ಇಸ್ರೇಲಿನಲ್ಲಿ 1948ರ ಕಡತಗಳು ತೆರೆಯತೊಡಗಿದವು. ಅವುಗಳ ಫಲ ಹೊರಬರುವ ಮುನ್ನ ಒಂದು ವಿಚಿತ್ರ ಅಂಕ ನಡೆಯಿತು. 1984ರಲ್ಲಿ ಅಮೆರಿಕದ ಜೋನ್ ಪೀಟರ್ಸ್ ‘ಫ್ರಮ್ ಟೈಮ್ ಇಮ್ಮೆಮೋರಿಯಲ್’ ಎಂಬ ದಪ್ಪ ಪುಸ್ತಕದಲ್ಲಿ, ಪ್ಯಾಲೆಸ್ಟೀನಿಯರಲ್ಲಿ ಬಹುಪಾಲು ಯಹೂದಿ ವಸಾಹತುಗಳ ಏಳಿಗೆ ಕಂಡು ನೆರೆನಾಡುಗಳಿಂದ ಇತ್ತೀಚೆಗೆ ವಲಸೆ ಬಂದವರು ಎಂದು ವಾದಿಸಿದರು. ಸಾಲ್ ಬೆಲೋ, ಬಾರ್ಬರಾ ಟಕ್‌ಮನ್‌ರಂಥ ದೊಡ್ಡವರು ಹೊಗಳಿದರು. ನಾರ್ಮನ್ ಫಿಂಕೆಲ್‌ಸ್ಟೈನ್ ಎಂಬ ಸಂಶೋಧನಾ ವಿದ್ಯಾರ್ಥಿ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಿದಾಗ ಜನಸಂಖ್ಯೆಯ ಲೆಕ್ಕವೇ ಕುಸಿಯಿತು. 1986ರ ಜನವರಿಯಲ್ಲಿ ಇಸ್ರೇಲಿನ ಇತಿಹಾಸಕಾರ ಯೆಹೋಶುವಾ ಪೊರಾತ್ ‘ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್’ನಲ್ಲಿ ಅದನ್ನು ತಳ್ಳಿಹಾಕಿದರು. ವಿದ್ವಾಂಸರ ವಲಯದಲ್ಲಿ ಪುಸ್ತಕ ಅಲ್ಲಿಗೇ ಸತ್ತಿತು. ರಾಜಕೀಯ ಬರವಣಿಗೆಯಲ್ಲಿ ಅದರ ವಾದ ಇಂದೂ ಗಟ್ಟಿಯಾಗಿ ಓಡಾಡಿಕೊಂಡಿದೆ. ಈ ಕ್ಷೇತ್ರದ ಬಗ್ಗೆ ನನಗಿರುವ ಮುಖ್ಯ ದೂರು ಇದೇ: ಸಂಶೋಧನೆ ಮುಗಿಸಿದ ಜಗಳವನ್ನು ರಾಜಕೀಯ ಲೇಖಕರು ಒಂದು ತಲೆಮಾರು ತಡವಾಗಿ, ಹೊಸದೆಂಬಂತೆ ಶುರುಮಾಡುತ್ತಾರೆ.

1987–88ರಲ್ಲಿ ನಾಲ್ಕು ಪುಸ್ತಕಗಳು ಬೆನ್ನುಬೆನ್ನಿಗೆ ಬಂದವು. ಬರೆದವರು ಇಸ್ರೇಲಿನವರೇ ಆದ ಸಿಮ್ಹಾ ಫ್ಲಾಪನ್, ಬೆನ್ನಿ ಮಾರಿಸ್, ಅವಿ ಶ್ಲೈಮ್, ಇಲಾನ್ ಪಪ್ಪೆ. ‘ಹೊಸ ಇತಿಹಾಸಕಾರರು’ ಎಂಬ ಹೆಸರನ್ನು ಮಾರಿಸ್ ಅವರೇ ಜನಪ್ರಿಯಗೊಳಿಸಿದರು. ನಿರಾಶ್ರಿತರ ಸಮಸ್ಯೆಯ ಹುಟ್ಟಿನ ಬಗ್ಗೆ ಅವರು ಬರೆದದ್ದು ಊರಿಂದೂರಿಗೆ ಹೋಗುವ ಒಣ, ಕಡತಮಯ ಪುಸ್ತಕ. ರೋಚಕತೆ ಹುಡುಕಿದವರಿಗೆ ಸಿಗದು. ಇಸ್ರೇಲಿ ಸೇನೆಯ ಗುಪ್ತಚರ ವಿಭಾಗ 1948ರ ಜೂನ್ ಕೊನೆಯಲ್ಲಿ ಸಿದ್ಧಪಡಿಸಿದ್ದ ವರದಿಯೊಂದನ್ನು ಅವರು ಅದಕ್ಕೂ ಮೊದಲೇ ಬೆಳಕಿಗೆ ತಂದಿದ್ದರು. ಜೂನ್ 1ರವರೆಗೆ ಹೋದವರಲ್ಲಿ ಸುಮಾರು ಶೇ 70ರಷ್ಟು ಜನರ ನಿರ್ಗಮನಕ್ಕೆ ಯಹೂದಿ ಪಡೆಗಳ ಕಾರ್ಯಾಚರಣೆಯೇ ಕಾರಣ ಎಂದು ಆ ವರದಿ ಲೆಕ್ಕ ಹಾಕಿತ್ತು. ರೇಡಿಯೋ ಕರೆಯ ಕಥೆ ಇಸ್ರೇಲಿನ ಸ್ವಂತ ಕಾಗದದಲ್ಲೇ ಮುಗಿದಿತ್ತು.

ಮಾರಿಸ್ ತೀರ್ಮಾನ ಮಾತ್ರ ನಡುದಾರಿಯದು: ನಿರಾಶ್ರಿತರು ಹುಟ್ಟಿದ್ದು ಯುದ್ಧದಿಂದ, ಪೂರ್ವಯೋಜನೆಯಿಂದಲ್ಲ. ಇದು ಯಾರಿಗೂ ಒಪ್ಪಿಗೆಯಾಗಲಿಲ್ಲ. ಮಾರಿಸ್ ದಾಖಲೆ ತಿರುಚಿದ್ದಾರೆಂದು ಇತಿಹಾಸಕಾರರಾದ ಶಬ್ತೈ ಟೆವೆತ್, ಎಫ್ರೈಮ್ ಕಾರ್ಶ್ ಹೇಳಿದರು. ಫಿಂಕೆಲ್‌ಸ್ಟೈನ್ ಮತ್ತು ಪ್ಯಾಲೆಸ್ಟೀನಿ ವಿದ್ವಾಂಸ ನೂರ್ ಮಸಾಲ್ಹಾ, ಮಾರಿಸ್ ಕೊಟ್ಟ ಪುರಾವೆಯೇ ಅವರ ತೀರ್ಮಾನವನ್ನು ಸುಳ್ಳಾಗಿಸುತ್ತದೆ ಎಂದರು. ಬೆನ್ ಗುರಿಯನ್ 1937ರ ಅಕ್ಟೋಬರ್ 5ರಂದು ಮಗ ಆಮೋಸ್‌ಗೆ ಬರೆದ ಪತ್ರದ ಒಂದು ಸಾಲನ್ನೇ ಹಿಡಿದು ವರ್ಷಗಟ್ಟಲೆ ಕಾದಾಟ ನಡೆಯಿತು. ಹಸ್ತಪ್ರತಿಯಲ್ಲಿ ಕೆಲವು ಪದಗಳಿಗೆ ಕಾಟು ಹೊಡೆದಿದೆ. ಕಾಟು ಬಿದ್ದದ್ದನ್ನು ಬಿಟ್ಟು ಓದಿದರೆ ಅರಬ್ಬರನ್ನು ಹೊರಹಾಕಬೇಕು ಎಂದಾಗುತ್ತದೆ, ಸೇರಿಸಿ ಓದಿದರೆ ಹೊರಹಾಕಬೇಕಿಲ್ಲ ಎಂದು. ಈ ಸಾಲನ್ನು ಬದಿಗಿಟ್ಟರೂ ಮುಂದಿನ ಹತ್ತು ವರ್ಷ ನಡೆದದ್ದೇನೂ ಬದಲಾಗದು, ಆದರೂ ಎರಡೂ ಪಕ್ಷಗಳಿಗೆ ಇಡೀ ಮೊಕದ್ದಮೆ ಆ ಗೀಟಿನ ಮೇಲೇ ನಿಂತಂತಾಯಿತು.

1948ರ ಮಾರ್ಚ್ 10ರ ಹಗಾನಾದ ‘ಡಿ ಯೋಜನೆ’ಯದೂ ಇದೇ ಪಾಡು. ಖಾಲಿದಿ 1961ರಲ್ಲೇ ಇದನ್ನು ಪ್ಯಾಲೆಸ್ಟೀನ್ ವಶಪಡಿಸಿಕೊಳ್ಳುವ ಮಹಾಯೋಜನೆ ಎಂದಿದ್ದರು. 2006ರಲ್ಲಿ ಪಪ್ಪೆ ಇದನ್ನೇ ಜನಾಂಗೀಯ ನಿರ್ಮೂಲನದ ನೀಲನಕ್ಷೆ ಎಂದರು. ಮಾರಿಸ್‌ಗೆ ಇದು ಅರಬ್ ಸೇನೆಗಳ ದಾಳಿಯ ನಿರೀಕ್ಷೆಯಲ್ಲಿ ಮಾಡಿದ ಸೈನಿಕ ಯೋಜನೆ. ಎಲ್ಲರ ಕೈಯಲ್ಲಿರುವ ಪಠ್ಯ ಒಂದೇ. ಪ್ರತಿರೋಧ ತೋರಿದ ಹಳ್ಳಿಯ ಜನರನ್ನು ಹೊರಗಟ್ಟಬೇಕು ಎಂದು ಅದರಲ್ಲಿರುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಜಗಳ ಈಗ ಘಟನೆಯ ಬಗ್ಗೆ ಅಲ್ಲ, ಇರಾದೆಯ ಬಗ್ಗೆ. ಮಾರಿಸ್ ಅಂತೂ 2004ರಲ್ಲಿ ಇನ್ನಷ್ಟು ಹತ್ಯೆ, ಅತ್ಯಾಚಾರ, ಉಚ್ಚಾಟನೆಗಳ ದಾಖಲೆಗಳಿರುವ ಪರಿಷ್ಕೃತ ಆವೃತ್ತಿ ತಂದು, ಅದೇ ವರ್ಷ ‘ಹಾರೆಟ್ಜ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಆ ಉಚ್ಚಾಟನೆಯನ್ನು ಸಮರ್ಥಿಸಿದರು. ಸತ್ಯಾಂಶ ಗೊತ್ತಾದರೆ ನಿಲುವು ತಾನಾಗಿ ಸರಿಹೋಗುತ್ತದೆ ಎಂದು ನಂಬಿದ್ದ ಅವರ ಅಭಿಮಾನಿಗಳು ಬೆಚ್ಚಿಬಿದ್ದರು.

ಸಂಖ್ಯೆಗಳ ಪೈಕಿ ಅತಿ ಹೆಚ್ಚು ಪಾಠ ಕಲಿಸುವುದು ದೇರ್ ಯಾಸಿನ್. 1948ರ ಏಪ್ರಿಲ್ 9ರಂದು ಇರ್ಗುನ್ ಮತ್ತು ಲೆಹಿ ಎಂಬ ಯಹೂದಿ ಉಗ್ರಪಡೆಗಳು ಜೆರುಸಲೇಮಿನ ಅಂಚಿನ ಈ ಹಳ್ಳಿಯ ಮೇಲೆ ಬಿದ್ದವು. ಸತ್ತವರು 254 ಎಂಬ ಲೆಕ್ಕ ನಾಲ್ಕೇ ದಿನದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂತು, ನಾಲ್ಕು ದಶಕ ಹಾಗೇ ಉಳಿಯಿತು. ಆ ಲೆಕ್ಕ ಹುಟ್ಟಿದ್ದು ಇರ್ಗುನ್ ಕಮಾಂಡರ್ ಮೊರ್ದೆಖೈ ರಾನಾನ್ ಬಾಯಲ್ಲಿ. ಅರಬ್ಬರು ಹೆದರಲಿ ಎಂದು ಹೆಚ್ಚಿಸಿ ಹೇಳಿದೆ ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಇರ್ಗುನ್‌ಗೆ ಭಯ ಬೇಕಿತ್ತು, ಹಗಾನಾಗೆ ಎದುರಾಳಿ ಪಡೆಯ ಮುಖಕ್ಕೆ ಮಸಿ ಬಳಿಯಬೇಕಿತ್ತು, ಅರಬ್ ಮುಖಂಡರಿಗೆ ನೆರೆಯ ದೇಶಗಳ ಸೇನೆ ಬರಬೇಕಿತ್ತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ಮೂವರೂ ಆ ಸಂಖ್ಯೆಯನ್ನು ಕಟ್ಟಿಹಾಕಿಕೊಂಡರು. ಆಗ ಅರಬ್ ಸುದ್ದಿ ಪ್ರಸಾರದಲ್ಲಿದ್ದ ಹಾಜೆಮ್ ನುಸೈಬೆ, ಸುದ್ದಿಯನ್ನು ಅತ್ಯಾಚಾರದ ವಿವರಗಳೊಂದಿಗೆ ಉಬ್ಬಿಸಿದ್ದು ದೊಡ್ಡ ತಪ್ಪಾಯಿತು, ಜನ ಬೆದರಿ ಓಡಿದರು ಎಂದು 1998ರಲ್ಲಿ ಬಿಬಿಸಿಗೆ ಹೇಳಿದರು. ಲೆಕ್ಕವನ್ನು ಇಳಿಸಿದವರು ಇಸ್ರೇಲಿಗಳಲ್ಲ. 1987ರಲ್ಲಿ ಬೀರ್‌ಜೇತ್ ವಿಶ್ವವಿದ್ಯಾಲಯದ ಶರೀಫ್ ಕನಾನಾ ಮತ್ತು ನಿಹಾದ್ ಜೈತಾವಿ ಬದುಕುಳಿದವರನ್ನು ಮಾತನಾಡಿಸಿ, ಹೆಸರು ಹೆಸರಾಗಿ ಎಣಿಸಿ 107ಕ್ಕೆ ಬಂದರು. ಅದು ಹತ್ಯಾಕಾಂಡವೇ ಅಲ್ಲ, ಕಾಳಗ ಎಂದು ವಾದಿಸುವ ಇಸ್ರೇಲಿ ಪ್ರಾಧ್ಯಾಪಕ ಎಲಿಯೆಜರ್ ತೌಬರ್ ಇತ್ತೀಚೆಗೆ ಎಣಿಸಿದ್ದು 101. ಎಣಿಕೆ ಹೆಚ್ಚುಕಡಿಮೆ ಕೂಡಿಬಂತು, ಹೆಸರಿನ ಬಗ್ಗೆ ಮಾತ್ರ ರಾಜಿಯಾಗಿಲ್ಲ.

ಅಳಿಸಿಹೋದ ಹಳ್ಳಿಗಳೆಷ್ಟು ಎಂಬಲ್ಲೂ ಲೆಕ್ಕ ಹಲವು. ಮಾರಿಸ್ ಮೊದಲ ಪಟ್ಟಿಯಲ್ಲಿ 369, ಖಾಲಿದಿ ಸಂಪಾದಿಸಿದ 1992ರ ಬೃಹತ್ ಕೋಶದಲ್ಲಿ 418, ಪ್ಯಾಲೆಸ್ಟೀನಿ ಸಂಶೋಧಕ ಸಲ್ಮಾನ್ ಅಬು ಸಿತ್ತಾ ಪಟ್ಟಿಯಲ್ಲಿ 531. ಇಲ್ಲಿ ಸುಳ್ಳುಬುರುಕರಿಲ್ಲ. ಬೆದೂಯಿನ್ ಬೀಡುಗಳನ್ನು, ಚಿಕ್ಕ ಕೇರಿಗಳನ್ನು ಹಳ್ಳಿ ಎಂದು ಎಣಿಸಬೇಕೇ ಎಂಬುದರ ಮೇಲೆ ಮೊತ್ತ ಏರಿಳಿಯುತ್ತದೆ.

ಇದೆಲ್ಲದರ ಕೆಳಗೆ ಒಂದು ಅಸಮತೆಯಿದೆ. ಗೆದ್ದವರ ಬಳಿ ಪತ್ರಾಗಾರವಿದೆ, ಸೋತವರ ಬಳಿ ನೆನಪಿದೆ. ಅರಬ್ ಸರ್ಕಾರಗಳು 1948ರ ತಮ್ಮ ಕಡತಗಳನ್ನು ತೆರೆದೇ ಇಲ್ಲ ಎನ್ನಬಹುದು, ತಮ್ಮ ಸೋಲಿನ ದಾಖಲೆ ಯಾವ ಸರ್ಕಾರಕ್ಕೂ ಇಷ್ಟವಿಲ್ಲ. ಬಾಯಿಮಾತಿನ ಸಾಕ್ಷ್ಯವನ್ನು ಎಷ್ಟು ನಂಬಬೇಕು ಎಂಬುದು ಕೋರ್ಟು ಹತ್ತಿದ್ದು ತಂತೂರಾ ಪ್ರಕರಣದಲ್ಲಿ. ಹೈಫಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಟೆಡ್ಡಿ ಕಾಟ್ಜ್, 1948ರ ಮೇ 22–23ರಂದು ಈ ಕಡಲತೀರದ ಹಳ್ಳಿ ಶರಣಾದ ಮೇಲೆ ಯಹೂದಿ ಸೇನೆಯ ಅಲೆಕ್ಸಾಂಡ್ರೋನಿ ಬ್ರಿಗೇಡಿನವರು ಬಹಳ ಜನರನ್ನು ಕೊಂದರೆಂದು, ಯಹೂದಿ ಮತ್ತು ಅರಬ್ ಸಾಕ್ಷಿಗಳ ಧ್ವನಿಮುದ್ರಣ ಆಧರಿಸಿ ಪ್ರಬಂಧ ಬರೆದರು. 2000ದಲ್ಲಿ ಪತ್ರಿಕೆಯಲ್ಲಿ ಸುದ್ದಿಯಾದಾಗ ನಿವೃತ್ತ ಯೋಧರು ಮಾನನಷ್ಟ ಮೊಕದ್ದಮೆ ಹೂಡಿದರು. ಕೆಲವು ಉಲ್ಲೇಖಗಳು ಟೇಪಿಗೆ ತಾಳೆಯಾಗಲಿಲ್ಲ. ಕಾಟ್ಜ್ ತಪ್ಪೊಪ್ಪಿಗೆಗೆ ಸಹಿ ಹಾಕಿ, ಬೆನ್ನಲ್ಲೇ ಹಿಂದಕ್ಕೆ ಪಡೆಯಲು ನೋಡಿದರು. ನ್ಯಾಯಾಲಯ ಒಪ್ಪಲಿಲ್ಲ. 2022ರಲ್ಲಿ ನಿರ್ದೇಶಕ ಅಲೋನ್ ಶ್ವಾರ್ಜ್ ಅದೇ ಟೇಪುಗಳನ್ನು ಮತ್ತೆ ಕೇಳಿಸಿ, ಬದುಕಿದ್ದ ಯೋಧರನ್ನು ಕ್ಯಾಮೆರಾ ಮುಂದೆ ಕೂರಿಸಿ ಸಾಕ್ಷ್ಯಚಿತ್ರ ಮಾಡಿದರು. ಕೊಂದದ್ದನ್ನು ಕೆಲವರು ಹೇಳಿದರು, ಕೆಲವರು ಅಲ್ಲಗಳೆದರು.

ಕಾಗದವಾದರೂ ಗಟ್ಟಿಯೇ? 2019ರ ಜುಲೈನಲ್ಲಿ ‘ಹಾರೆಟ್ಜ್’ ಪತ್ರಿಕೆಯ ಹಗರ್ ಶೆಜಾಫ್ ಬಯಲಿಗೆಳೆದಂತೆ, ಇಸ್ರೇಲಿನ ರಕ್ಷಣಾ ಸಚಿವಾಲಯದ ‘ಮಲ್ಮಾಬ್’ ವಿಭಾಗದವರು ಪತ್ರಾಗಾರಗಳಿಗೆ ಹೋಗಿ, ಒಮ್ಮೆ ತೆರೆದಿದ್ದ 1948ರ ಕಡತಗಳನ್ನು ಮತ್ತೆ ಮುಚ್ಚಿಸುತ್ತಿದ್ದರು. ಅವುಗಳಲ್ಲಿ ಮಾರಿಸ್ ದಶಕಗಳ ಹಿಂದೆಯೇ ಪ್ರಕಟಿಸಿದ್ದ ಆ ಗುಪ್ತಚರ ವರದಿಯೂ ಇತ್ತು. ಮೂಲ ಕೈಗೆ ಸಿಗದಿದ್ದರೆ ಉಲ್ಲೇಖಿಸಿದ ಇತಿಹಾಸಕಾರರ ವಿಶ್ವಾಸಾರ್ಹತೆಗೆ ಪೆಟ್ಟು ಬೀಳುತ್ತದೆ ಎಂಬುದು ಉದ್ದೇಶಗಳಲ್ಲೊಂದೆಂದು ವಿಭಾಗದ ಮಾಜಿ ಮುಖ್ಯಸ್ಥರೇ ಪತ್ರಿಕೆಗೆ ಸೂಚಿಸಿದರು.

ಇತ್ತೀಚಿನ ತಕರಾರುಗಳಲ್ಲಿ ವೇಗ ಹೆಚ್ಚು, ಹುರುಳು ಕಡಿಮೆ. 2002ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆ ನುಗ್ಗಿದಾಗ ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಐನೂರು ಮಂದಿ ಸತ್ತರೆಂದು ಪ್ಯಾಲೆಸ್ಟೀನಿ ವಕ್ತಾರರು ಹೇಳಿದರು, ವಿಶ್ವಸಂಸ್ಥೆಯ ವರದಿಯಲ್ಲಿ ಅದು 52 ಪ್ಯಾಲೆಸ್ಟೀನಿಯರು ಮತ್ತು 23 ಇಸ್ರೇಲಿ ಸೈನಿಕರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸತ್ತವರನ್ನು ಇಸ್ರೇಲ್ ಮೊದಲು 1,400 ಎಂದು, ನಂತರ ಸುಮಾರು 1,200 ಎಂದು ತಿದ್ದಿತು. ನಲವತ್ತು ಕೂಸುಗಳ ತಲೆ ಕತ್ತರಿಸಿದರು ಎಂಬ ಮಾತಿಗೆ ಆಧಾರ ಸಿಗಲೇ ಇಲ್ಲ. ಅದೇ ತಿಂಗಳ 17ರಂದು ಗಾಜಾದ ಅಲ್-ಅಹ್ಲಿ ಆಸ್ಪತ್ರೆಯ ಸ್ಫೋಟದಲ್ಲಿ 471 ಮಂದಿ ಸತ್ತರೆಂದು ಅಲ್ಲಿನ ಆರೋಗ್ಯ ಸಚಿವಾಲಯ ಹೇಳಿದರೆ, ಅಮೆರಿಕದ ಗುಪ್ತಚರರ ಅಂದಾಜು 100ರಿಂದ 300. ಆ ಸ್ಫೋಟ ಪ್ಯಾಲೆಸ್ಟೀನಿ ಗುಂಪುಗಳು ಸಾಮಾನ್ಯವಾಗಿ ಬಳಸುವ ರಾಕೆಟ್ಟಿನಂಥದ್ದರಿಂದ ಆಗಿರುವ ಸಂಭವವಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಹೇಳಿತು.

ಇಂಥ ಒಂದೊಂದು ತಪ್ಪನ್ನೂ ಹಿಡಿದು ಇಡೀ ಗಾಜಾದ ಸಾವಿನ ಲೆಕ್ಕವೇ ಕಟ್ಟುಕಥೆ ಎನ್ನುವವರಿದ್ದಾರೆ, ಅಕ್ಟೋಬರ್ 7 ನಡೆದೇ ಇಲ್ಲ ಎನ್ನುವವರೂ ಇದ್ದಾರೆ. ಗಾಜಾ ಸಚಿವಾಲಯ ಹೆಸರು, ವಯಸ್ಸು, ಗುರುತಿನ ಸಂಖ್ಯೆಗಳ ಸಮೇತ ಪಟ್ಟಿ ಪ್ರಕಟಿಸುತ್ತ ಬಂದಿರುವುದರಿಂದ ಅದನ್ನು ಹೊರಗಿನವರು ಪರೀಕ್ಷಿಸಲು ಸಾಧ್ಯವಾಗಿದೆ. 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನ ಆಸ್ಪತ್ರೆಯ ಪಟ್ಟಿ, ಸಮೀಕ್ಷೆಯ ಪಟ್ಟಿ ಮತ್ತು ಸಾಮಾಜಿಕ ಜಾಲತಾಣದ ಶ್ರದ್ಧಾಂಜಲಿಗಳನ್ನು ತಾಳೆ ಹಾಕಿ, ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಅಂದಾಜಿಸಿತು. 2024ರ ಜೂನ್ 30ರವರೆಗೆ ಗಾಯಗಳಿಂದ ಸತ್ತವರು 64,260, ಸಚಿವಾಲಯದ ಲೆಕ್ಕ ಶೇ 41ರಷ್ಟು ಕಡಿಮೆಯಿದೆ ಎಂದು ಅದು ತೀರ್ಮಾನಿಸಿತು. ಅಧ್ಯಯನ ಬಂದ ವಾರವೇ ಅದನ್ನು ಉಬ್ಬಿಸುವವರೂ ತಳ್ಳಿಹಾಕುವವರೂ ಸಾಲುಗಟ್ಟಿದರು. ವಿಧಾನವನ್ನು ಓದಿ ತಕರಾರು ತೆಗೆದವರು ಬೆರಳೆಣಿಕೆಯಷ್ಟು.